ಸೇತುವೆಯೋ, ಮೇಣದಬತ್ತಿಯೋ: ನೀವು ಕೇಳದೆ ಬಿಟ್ಟ ಪ್ರಶ್ನೆ

ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಮ್ಮ ದೇಶದ ಪರವಾಗಿ ನಿಂತ ಸರ್ಕಾರಿ ಪ್ರತಿನಿಧಿಯವರೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ಮಾನ್ಯತೆ ಎನ್ನುವುದು ಇವತ್ತು ಇದ್ದು, ಆರು ವರ್ಷದ ಹಿಂದೆ ಇರಲೇ ಇಲ್ಲ ಎಂದು ನಾಳೆ ಗೊತ್ತಾಗಬಹುದಾದ ವಸ್ತು ಎಂಬುದನ್ನು ನಿಮ್ಮಿಂದಲೇ ಕಲಿತೆ. ನೋಡಿಕೊಂಡು ಬರೆಯೋಣ ಎಂದು ಆ ಜಾಗ ಖಾಲಿ ಬಿಟ್ಟಿದ್ದೇನೆ.

ನನ್ನ ದೂರು ಇಷ್ಟು. 1999ರ ವಸಂತದಲ್ಲಿ ನಮ್ಮ ಮೇಲೆ ಬಾಂಬು ಸುರಿಯುತ್ತಿದ್ದಾಗಲೇ ನಮ್ಮ ದೇಶ ಅದನ್ನು ಸುರಿಸುತ್ತಿದ್ದ ಹತ್ತು ದೇಶಗಳ ವಿರುದ್ಧ ಹೇಗ್‌ನಲ್ಲಿ ದಾವೆ ಹೂಡಿತು. ಅದರಲ್ಲಿ ಎರಡನ್ನು ನ್ಯಾಯಾಲಯ ಆಗಲೇ ಕೈಬಿಟ್ಟಿತು. ಉಳಿದ ಎಂಟರ ವಿಷಯದಲ್ಲಿ ಐದು ವರ್ಷ ದಾಟಿದ ಮೇಲೆ, ಕಳೆದ ಡಿಸೆಂಬರ್‌ನಲ್ಲಿ, ಉತ್ತರ ಬಂತು. ಹಳೆಯ ದೇಶ ಒಡೆದ ಮೇಲೆ ನಿಮ್ಮ ದೇಶ ವಿಶ್ವಸಂಸ್ಥೆಗೆ ಸೇರಿದ್ದೇ 2000ದಲ್ಲಿ, ದಾವೆ ಹೂಡಿದಾಗ ಸದಸ್ಯನಾಗಿರಲಿಲ್ಲ, ಆದ್ದರಿಂದ ನಿಮ್ಮ ದೂರನ್ನು ಕೇಳುವ ಅಧಿಕಾರ ನಮಗಿಲ್ಲ ಎಂದರು. ಬಾಂಬು ಹಾಕಿದ್ದು ಸರಿ ಎನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಆ ನ್ಯಾಯಮೂರ್ತಿಗಳ ಮೇಲೆ ನನಗೆ ಕೋಪವಿದೆ, ಆದರೆ ಈ ಪತ್ರ ಅವರಿಗಲ್ಲ. ಆ ಮಾತನ್ನು ಅವರ ಬಾಯಿಗೆ ಇಟ್ಟವರಲ್ಲಿ ನೀವೂ ಒಬ್ಬರು. ಎರಡು ವರ್ಷದ ಹಿಂದೆ ನೀವೇ ಅವರಿಗೆ ಬರೆದುಕೊಟ್ಟಿರಿ: ನಾವು ಆಗ ಸದಸ್ಯರಾಗಿರಲಿಲ್ಲ ಎಂದು ಈಗ ತಿಳಿದುಬಂದಿದೆ, ಮುಂದೇನು ಎಂದು ತಾವೇ ತೀರ್ಮಾನಿಸಿ. ದಾವೆ ಹಾಕಿದವನೇ ಎದ್ದು ನಿಂತು 'ದಾವೆ ಹಾಕುವ ಯೋಗ್ಯತೆ ನನಗಿತ್ತೋ ಇಲ್ಲವೋ ಸ್ವಲ್ಪ ನೋಡಿ ಸ್ವಾಮಿ' ಎಂದು ಕೇಳುವುದನ್ನು ನಮ್ಮೂರಿನ ಕಾಫಿ ಅಂಗಡಿಯಲ್ಲಿ ಇಸ್ಪೀಟಾಡುವವರೂ ಒಪ್ಪುವುದಿಲ್ಲ.

ನಾನು ಡ್ರೈವಿಂಗ್ ಕಲಿಸುವವನು. ಎಡಕ್ಕೆ ಸಿಗ್ನಲ್ ಹಾಕಿ ಬಲಕ್ಕೆ ತಿರುಗುವವರನ್ನು ದಿನಾ ನೋಡುತ್ತೇನೆ. ಅವರಿಗೆ ಬಾಯಿಗೆ ಬಂದಂತೆ ಬೈಯುತ್ತೇನೆಯೇ ಹೊರತು ಕೋಟು ಹಾಕಿಸಿ ಹೇಗ್‌ಗೆ ಕಳಿಸುವುದಿಲ್ಲ. ನನ್ನ ಜೇಬಿನಲ್ಲಿರುವ ಲೈಸೆನ್ಸಿನ ಮೇಲೆ ಈಗಿಲ್ಲದ ಒಂದು ದೇಶದ ಹೆಸರಿದೆ. ನಮ್ಮ ದೇಶ ಹೆಸರು ಬದಲಿಸುವ ವೇಗಕ್ಕೆ ನಮ್ಮ ಕಚೇರಿಗಳ ಮುದ್ರಣಯಂತ್ರ ಓಡಲಾರದು ಎಂದು ನನಗೂ ಗೊತ್ತು. ಪೊಲೀಸರು ಅದನ್ನು ತಿರುಗಿಸಿ ನೋಡಿ, "ಇರ್ಲಿ ಬಿಡಿ, ನಡೆಯತ್ತೆ" ಎನ್ನುತ್ತಾರೆ. ಅಂದರೆ ಇಲ್ಲದ ದೇಶದ ಕಾಗದ ಹಿಡಿದು ಕಾರು ಓಡಿಸಬಹುದು, ದಂಡ ಕಟ್ಟಬಹುದು, ಸೈನ್ಯಕ್ಕೆ ಹೋಗಬಹುದು, ಬಾಂಬಿಗೆ ಸಿಕ್ಕಿ ಸಾಯಬಹುದು. ನಮ್ಮ ಬಾವುಟ ವಿಶ್ವಸಂಸ್ಥೆಯ ಕಟ್ಟಡದ ಮುಂದೆ ಹಾರುತ್ತಲೇ ಇತ್ತಂತೆ, ವಂತಿಗೆಯನ್ನೂ ತೆಗೆದುಕೊಳ್ಳುತ್ತಿದ್ದರಂತೆ. ದೂರು ಕೊಡುವುದೊಂದನ್ನು ಮಾತ್ರ ಮಾಡುವಂತಿರಲಿಲ್ಲ.

ಈಗ ನಮ್ಮ ಮನೆಯ ಕಥೆ ಹೇಳುತ್ತೇನೆ. ಹೇಗ್‌ನಲ್ಲಿ ಇದನ್ನು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ, ನಿಮಗಾದರೂ ಇದೆ ಎಂದುಕೊಳ್ಳುತ್ತೇನೆ.

ನಮ್ಮ ಊರು ಮೊರಾವಾ ನದಿಯ ದಡದಲ್ಲಿದೆ. ಮನೆಯಿಂದ ಸೇತುವೆ ಒಂದು ಕೂಗಳತೆ. ನಮ್ಮ ಮನೆದೇವರು ಸಂತ ಜಾರ್ಜ್, ಹಬ್ಬ ಮೇ ಆರಕ್ಕೆ. ಮನೆದೇವರ ಹಬ್ಬಕ್ಕೆ ನಮ್ಮಲ್ಲಿ ಯಾರನ್ನೂ ಕರೆಯುವ ಪದ್ಧತಿಯಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ, ನೀವೂ ಇಲ್ಲಿಯವರೇ. ಬರಬೇಕಾದವರು ಬರುತ್ತಾರೆ. ಯುದ್ಧವಾಗಲಿ ಹಸಿವಾಗಲಿ ಹಬ್ಬ ತಪ್ಪುವುದಿಲ್ಲ. ಬೆಳಿಗ್ಗೆ ಹಚ್ಚಿದ ದಪ್ಪ ಮೇಣದಬತ್ತಿಯನ್ನು ಬಾಯಿಂದ ಊದುವಂತಿಲ್ಲ. ಅದು ತಾನಾಗಿ ಉರಿದು ಮುಗಿಯಬೇಕು, ಇಲ್ಲವೇ ಮನೆಯ ಯಜಮಾನ ಕೆಂಪು ದ್ರಾಕ್ಷಾರಸದ ಹನಿ ಬಿಟ್ಟು ಆರಿಸಬೇಕು. ಬೇರೆ ಯಾರೂ ಮುಟ್ಟುವುದಿಲ್ಲ. ನನ್ನ ಅಮ್ಮ ಸ್ತಾಮೆಂಕಾ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅದನ್ನು ಮುಟ್ಟಿದವಳಲ್ಲ.

ಆ ವರ್ಷದ ಹಬ್ಬಕ್ಕೆ ಕರೆಂಟ್ ಇರಲಿಲ್ಲ. ವಿದ್ಯುತ್ ಕೇಂದ್ರಗಳ ಮೇಲೆ ಬಾಂಬು ಹಾಕಿ ಅರ್ಧ ದೇಶವನ್ನು ಕತ್ತಲಲ್ಲಿ ಕೂರಿಸಿದ್ದರು. ಆದರೂ ಮನೆ ತುಂಬಿತ್ತು. ಅಪ್ಪ ವಿತೊಮಿರ್ ಕುರಿಮರಿ ಸುಟ್ಟಿದ್ದ, ಅಮ್ಮ ಬೇಯಿಸಿದ ಗೋಧಿಗೆ ಆಕ್ರೋಟು ಬೆರೆಸಿ ಸಕ್ಕರೆ ಉದುರಿಸಿದ್ದಳು. ನದಿಯ ಆಚೆಯಿಂದ ನಮ್ಮ ಕೂಮ ರಾದಿಶಾ ಹೆಂಡತಿ ದಾರಿಂಕಾಳೊಂದಿಗೆ ಬಂದಿದ್ದ. ಕೂಮ ಎಂದರೆ ನಮ್ಮ ಮನೆಯ ಮದುವೆಗಳಿಗೆ ಸಾಕ್ಷಿ ನಿಲ್ಲುವವನು, ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನದಲ್ಲಿ ಹೆಸರಿಡುವವನು. ನನಗೆ ಹೆಸರಿಟ್ಟದ್ದು ರಾದಿಶಾನ ಅಪ್ಪ, ನನ್ನ ಮದುವೆಗೆ ನಿಂತದ್ದು ರಾದಿಶಾ. ಈ ನಂಟು ಅಪ್ಪನಿಂದ ಮಗನಿಗೆ ಇಳಿಯುತ್ತದೆ, ಎರಡೂ ಮನೆಯವರು ಪರಸ್ಪರ ಕೂಮಾ, ಕೂಮಮ್ಮ ಎಂದೇ ಕರೆದುಕೊಳ್ಳುತ್ತೇವೆ. ಅಣ್ಣತಮ್ಮಂದಿರ ನಡುವೆ ಜಗಳವಾದರೆ ಊರು ನಗುತ್ತದೆ. ಕೂಮನ ಮನೆಯೊಂದಿಗೆ ಮಾತು ಬಿಟ್ಟರೆ ಊರು ಪಾಪವೆಂದು ಹೆದರಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತದೆ.

ನಿಮ್ಮ ದಾವೆಯ ಸುದ್ದಿ ಬ್ಯಾಟರಿ ರೇಡಿಯೊದಲ್ಲಿ ಬಂದು ವಾರವಾಗಿತ್ತು. ಊಟದ ಮೇಜಿನ ಮೇಲೆ ಅದೇ ಮಾತು.

"ಏನ್ ಕೂಮಾ, ನಮ್ಮೋರು ಹೇಗ್‌ನಲ್ಲಿ ಕೇಸ್ ಜಡಿದ್ರಂತಲ್ಲ!" ಎಂದ ರಾದಿಶಾ, ಬಾಯಲ್ಲಿ ಮಾಂಸ ಇಟ್ಟುಕೊಂಡೇ. "ಇನ್ಮೇಲೆ ಬಾಂಬ್ ಹಾಕೋನು ಮೊದ್ಲು ಅರ್ಜಿ ಹಾಕ್ಬೇಕೇನೋ."

"ನಗ್ಬೇಡ ಕಣಯ್ಯಾ. ಹತ್ತು ದೇಶದ ಮೇಲೆ ಹಾಕಿದಾರೆ. ಗೆದ್ರೆ ಏನ್ಮಾಡ್ತೀಯ?" ಎಂದ ಅಪ್ಪ.

"ಗೆದ್ರೆ ಆ ತೀರ್ಪನ್ನ ನಿನ್ನ ಮೊಮ್ಮಗೂಗೆ ನಾನೇ ಓದಿ ಹೇಳ್ತೀನಿ. ಆದ್ರೆ ಮೊದ್ಲು ಮೊಮ್ಮಗು ಬರ್ಬೇಕಲ್ಲಪ್ಪ! ನಿನ್ನ ಮಗ ಊರೋರಿಗೆಲ್ಲ ಗಾಡಿ ಕಲಿಸ್ತಾನೆ, ಮನೇಲಿ ಗಾಡಿ ಮುಂದಕ್ಕೇ ಹೋಗಿಲ್ಲ."

ಎಲ್ಲರೂ ನಕ್ಕರು, ನನ್ನ ಹೆಂಡತಿ ಅಡುಗೆಮನೆಗೆ ಓಡಿದಳು. ದಾರಿಂಕಾ ಗಂಡನ ತೋಳಿಗೆ ಒಂದು ಕೊಟ್ಟು, ಮೂಲೆಯಲ್ಲಿದ್ದ ಮೇಣದಬತ್ತಿಯ ಕಡೆ ನೋಡಿ, "ನೋಡು ಸ್ತಾಮೆಂಕಾ, ಹೊಗೆ ಇಲ್ದೆ ಎಷ್ಟು ನೆಟ್ಟಗೆ ಉರೀತಿದೆ. ಮನೆಗೆ ಒಳ್ಳೇದಾಗತ್ತೆ" ಎಂದಳು. ಈ ಮಾತನ್ನು ಅವಳು ಆಡಿದ್ದು ನಾನು ಕಿವಿಯಾರೆ ಕೇಳಿದ್ದೇನೆ.

ಕತ್ತಲು ಕವಿಯುವ ಹೊತ್ತಿಗೆ ಕೂಮ ಎದ್ದ. ದಾರಿಂಕಾ ತಟ್ಟೆ ತೊಳೆದುಕೊಟ್ಟು ಆಮೇಲೆ ಬರುವುದಾಗಿ ಉಳಿದಳು. ಕೂಮನನ್ನು ಬಾಗಿಲಲ್ಲೇ ಬೀಳ್ಕೊಡುವುದು ಮರ್ಯಾದೆಯಲ್ಲ. ಅಪ್ಪ ಪ್ಲಮ್ ಸಾರಾಯಿಯ ಬಾಟಲಿ, ಎರಡು ಪುಟ್ಟ ಲೋಟ ಹಿಡಿದು, ದಾರಿಯ ಕೊನೆಯ ಗುಟುಕಿಗೆಂದು ಸೇತುವೆಯ ತನಕ ಹೊರಟ. ವಿಮಾನಗಳಿಗೆ ಬೆಳಕು ಕಾಣದಿರಲೆಂದು ಕಿಟಕಿಗೆ ಕಂಬಳಿ ಕಟ್ಟಿದ್ದೆವು. ಅಷ್ಟು ಜನರ ಉಸಿರಿಗೆ ಸೆಕೆಯಾಗಿ ಅಮ್ಮ ಅದರ ಒಂದು ತುದಿ ಸರಿಸಿದ್ದಳು. ಸೈರನ್ ಕೂಗಿತು. ಬೀದಿಯಲ್ಲಿ ಕಾವಲಿನವನು, "ದೀಪ ಆರಿಸ್ರೋ, ವಿತೊಮಿರ್ ಮನೇಲಿ ಬೆಳಕು ಕಾಣ್ತಿದೆ!" ಎಂದು ಅರಚಿದ.

"ಆರಿಸ್ಬಿಡು ಸ್ತಾಮೆಂಕಾ" ಎಂದಳು ದಾರಿಂಕಾ.

"ದೀಪ ಅಲ್ವೇ ಕೂಮಮ್ಮ, ಹಬ್ಬದ ಬತ್ತಿ. ನಾನು ಹೇಗೆ ಮುಟ್ಲಿ? ಅವರು ಬಂದು ಆರಿಸ್ತಾರೆ. ಇನ್ನೇನು ಬಂದ್ರು" ಎಂದಳು ಅಮ್ಮ. ಕಂಬಳಿಯನ್ನು ಸರಿಮಾಡಲು ಅವಳು ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ಸೇತುವೆಗೆ ಬಾಂಬು ಬಿತ್ತು. ಅಪ್ಪ ಮತ್ತು ರಾದಿಶಾ ಇಬ್ಬರೂ ಸೇತುವೆಯ ಮೇಲಿದ್ದರು.

ಮಣ್ಣು ಮಾಡಿ ಬಂದ ಮೇಲಿನ ಊಟದಲ್ಲಿ, ಊರಿಗೆ ಊರೇ ಕೂತಿದ್ದಾಗ, ದಾರಿಂಕಾ ಎದ್ದು ನಿಂತು ಹೇಳಿದಳು: "ಆರಿಸು ಅಂದೆ. ಕೇಳ್ಲಿಲ್ಲ ನೀನು. ನಿನ್ನ ಬತ್ತಿ ಇಬ್ಬರನ್ನೂ ತಿಂತು." ಅಮ್ಮ ತಲೆ ತಗ್ಗಿಸಿದಳು, ಇಲ್ಲ ಎನ್ನಲಿಲ್ಲ. ಅವತ್ತಿನಿಂದ ಕೂಮನ ಮನೆಯವರು ನಮ್ಮ ಹೊಸ್ತಿಲು ತುಳಿದಿಲ್ಲ. ಅಮ್ಮ ಹಬ್ಬ ಮಾಡುತ್ತಾಳೆ, ರೊಟ್ಟಿ ಸುಡುತ್ತಾಳೆ, ಗೋಧಿ ಬೇಯಿಸುತ್ತಾಳೆ. ಬತ್ತಿ ಹಚ್ಚಲು ಬಿಡುವುದಿಲ್ಲ. ಮರುವರ್ಷ ನನಗೆ ಮಗಳು ಹುಟ್ಟಿದಳು. ಪುರಸಭೆಯ ಕಾಗದಕ್ಕೆ ಒಂದು ಹೆಸರು ಬರೆಸಿದ್ದೇವೆ, ಇನ್ನೂ ಜ್ಞಾನಸ್ನಾನವಾಗಿಲ್ಲ. ಹೆಸರಿಡಬೇಕಾದವನು ರಾದಿಶಾನ ಮಗ. ಸಂತೆಯಲ್ಲಿ ಸಿಕ್ಕಾಗ ಅವನು ನನ್ನ ತೋಳು ಹಿಡಿದು, "ನಂಗೇನಿಲ್ಲ ಕೂಮಾ. ಅಮ್ಮ ಒಪ್ದೆ ನಾನು ಬರೋದು ಹೇಗೆ ಹೇಳು?" ಎನ್ನುತ್ತಾನೆ. ಬೇರೆ ಕೂಮನನ್ನು ಹುಡುಕಿಕೊಳ್ಳಿ ಎಂದು ಪಾದ್ರಿಗಳು ಎರಡು ಸಲ ಹೇಳಿದರು. ಅಮ್ಮ ಅವರಿಗೆ ಕಾಫಿಯನ್ನೇ ಕೊಡದೆ ಕಳಿಸಿದಳು.

ನೀವು ಕಾನೂನು ಓದಿದವರು, ಇದು ಮೂಢನಂಬಿಕೆ ಎನ್ನುತ್ತೀರಿ. ನಾನೂ ಅದನ್ನೇ ಹೇಳಿದೆ. ಮೋಡದ ಮೇಲೆ ಮೂರು ಮೈಲಿ ಎತ್ತರದಲ್ಲಿ ಹಾರುವವನಿಗೆ ಕಂಬಳಿಯ ಸಂದಿಯ ಬತ್ತಿ ಕಾಣುವುದಿಲ್ಲಮ್ಮ ಎಂದೆ. ಸೇತುವೆ ಅವರ ನಕ್ಷೆಯಲ್ಲಿ ಮೊದಲೇ ಇತ್ತು ಎಂದೆ. ಅವತ್ತು ಕರೆಂಟಿಲ್ಲದೆ ಊರಿನ ಎಲ್ಲ ಮನೆಯಲ್ಲೂ ಬತ್ತಿ ಉರಿಯುತ್ತಿತ್ತು ಎಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ನೀನು ನನ್ನ ಮಗ. ನೀನು ಇನ್ನೇನು ಹೇಳ್ತೀಯ?" ಎಂದಳು.

ಅವಳು ನಂಬಿದ್ದು ನಿಮ್ಮನ್ನು. ನಗಬೇಡಿ, ನಿಜವಾಗಿಯೂ ನಿಮ್ಮನ್ನೇ. ಹೇಗ್‌ನಲ್ಲಿ ವಿಚಾರಣೆ ಎಂದರೆ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ ದೃಶ್ಯ. "ಆ ವಿಮಾನದ ಹುಡುಗನ್ನ ಕರೆಸ್ತಾರಲ್ವಾ? ಎದುರಿಗೆ ನಿಲ್ಲಿಸ್ಕೊಂಡು, 'ಮಗಾ, ನಿಂಗೆ ಬೆಳಕು ಕಂಡಿತ್ತಾ?' ಅಂತ ಒಂದ್ ಮಾತು ಕೇಳ್ತಾರಲ್ವಾ?" ಕೇಳ್ತಾರಮ್ಮ ಎಂದೆ. ಅದಕ್ಕೇ ತಾನೇ ನ್ಯಾಯಾಲಯ ಇರುವುದು? ಐದು ವರ್ಷ ಅವಳು ವಾರ್ತೆಗಳನ್ನು ನೋಡಿದ್ದು ಆ ಒಂದು ಪ್ರಶ್ನೆಗಾಗಿ. ಪರಿಹಾರದ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಒಮ್ಮೆ ರಾಜಧಾನಿಯಲ್ಲಿರುವ ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಊರಲ್ಲಿರಲಿಲ್ಲ. ನಿಮ್ಮ ಕೈಕೆಳಗಿನ ಒಬ್ಬ ಯುವ ಅಧಿಕಾರಿ ಕೂರಿಸಿ ಕಾಫಿ ತರಿಸಿದ. ಸಾಕ್ಷಿಗಳನ್ನು ಯಾವಾಗ ಕರೆಯುತ್ತಾರೆ ಎಂದು ಕೇಳಿದೆ. "ಅಣ್ಣಾ, ನಾವಿನ್ನೂ ಬಾಗಿಲಲ್ಲೇ ನಿಂತಿದೀವಿ. ಒಳಗೆ ಬಿಡ್ಬೇಕೋ ಬೇಡ್ವೋ ಅನ್ನೋದೇ ಇನ್ನೂ ನಡೀತಿದೆ" ಎಂದ. ನಾನು ಮನೆಯ ವಿಷಯ ಹೇಳಿದೆ. ಅವನು ಸಿಗರೇಟು ಆರಿಸಿ, "ನಿಮ್ಮ ಮನೆದೇವರು ಸಂತ ಜಾರ್ಜಾ? ನಮ್ಮದೂ ಅದೇ. ಆ ದಿನ ಹತ್ತನೇ ಮಹಡೀಲಿ ಬತ್ತಿ ಹಚ್ಕೊಂಡು ಕೂತಿದ್ವಿ ಅಣ್ಣಾ, ಕಿಟಕಿಗೆ ಪರದೇನೂ ಇರ್ಲಿಲ್ಲ. ನಮಗೇನೂ ಆಗ್ಲಿಲ್ಲ. ಹೋಗಿ ನಿಮ್ಮಮ್ಮಂಗೆ ಹೇಳಿ" ಎಂದ. ನಿಮ್ಮ ಕಚೇರಿಯಿಂದ ನನಗೆ ಸಿಕ್ಕ ಏಕೈಕ ಕಾನೂನು ನೆರವು ಅದು, ಅವನಿಗೆ ಒಳ್ಳೆಯದಾಗಲಿ. ಊರಿಗೆ ಬಂದು ಹೆಮ್ಮೆಯಿಂದ ಹೇಳಿದೆ. ಅಮ್ಮ ಒಂದು ಗಳಿಗೆ ಯೋಚಿಸಿ ಕೇಳಿದಳು:

"ಅವರ ಮನೆ ಪಕ್ಕ ಸೇತುವೆ ಇತ್ತಾ?"

ಇಂಥವಳಿಗೆ ನಾನು ಡಿಸೆಂಬರ್‌ನಲ್ಲಿ ತೀರ್ಪನ್ನು ವಿವರಿಸಬೇಕಾಯಿತು. ಟಿವಿಯಲ್ಲಿ ಓದಿ ಮುಗಿಸಿದರು. ಅವಳು ನನ್ನ ಮುಖ ನೋಡಿದಳು.

"ಹುಡುಗನ್ನ ಕರೆಸಿದ್ರಾ?"

"ಇಲ್ಲಮ್ಮ. ನಾವು ಆಗ ಸದಸ್ಯರೇ ಆಗಿರ್ಲಿಲ್ವಂತೆ. ಅದಕ್ಕೆ ಕೇಳೋ ಹಾಗಿಲ್ವಂತೆ."

"ಸದಸ್ಯ ಅಲ್ಲ ಅಂದ್ರೆ? ದೇಶ ಇರ್ಲಿಲ್ವಾ?"

"ಇತ್ತು, ಆದ್ರೆ..."

"ಹಾಗಾದ್ರೆ ನಿಮ್ಮಪ್ಪ ಯಾವ ದೇಶದಲ್ಲಿ ಸತ್ತ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ. ನಾನು ಟಿವಿ ಆರಿಸಿದೆ.

ನೀವು ಹೀಗೇಕೆ ಮಾಡಿದಿರಿ ಎಂಬುದು ನಮ್ಮಂಥವರಿಗೆ ಅರ್ಥವಾಗುವುದಿಲ್ಲ ಎಂದು ತಿಳಿದಿದ್ದರೆ ಅದು ನಿಮ್ಮ ತಪ್ಪು. ಅದೇ ನ್ಯಾಯಾಲಯದಲ್ಲಿ, ಅದೇ ಮೆಟ್ಟಿಲ ಮೇಲೆ, ನಮ್ಮ ಮೇಲೂ ಒಂದು ದಾವೆ ಇದೆ. ಪಕ್ಕದ ಬೋಸ್ನಿಯಾ ನರಮೇಧದ ಆರೋಪ ಹೊರಿಸಿ ಹಾಕಿದ್ದು. ಅಲ್ಲಿ ತಾಯಂದಿರು ತಮ್ಮ ಗಂಡುಮಕ್ಕಳ ಮೂಳೆಗಳನ್ನು ಇನ್ನೂ ಹುಡುಕುತ್ತಿದ್ದಾರೆ. ನಾವು ಸದಸ್ಯರೇ ಅಲ್ಲ ಎಂದಾದರೆ ಅವರ ದಾವೆಯೂ ಬಿದ್ದುಹೋಗುತ್ತದೆ ಎಂಬ ಲೆಕ್ಕ ನಿಮ್ಮದು. ಅವರ ಮುಖಕ್ಕೆ ಬಾಗಿಲು ಹಾಕಲು ನೀವು ಒಂದು ಅಗುಳಿ ಕೆತ್ತಿದಿರಿ. ಮೊದಲು ಮುಚ್ಚಿದ್ದು ನನ್ನ ಅಮ್ಮನ ಬಾಗಿಲು. ಇದನ್ನು ದೇಶದ ಹಿತ ಎನ್ನುತ್ತೀರಂತೆ. ಯಾವ ದೇಶದ್ದು ಸ್ವಾಮಿ? ಸದಸ್ಯನಾಗಿದ್ದ ದೇಶದ್ದೋ, ಆಗಿರದ ದೇಶದ್ದೋ?

ನಮ್ಮವರು ಹಾಲಿನಲ್ಲಿ ಕೈ ತೊಳೆದವರು ಎಂದು ನಾನು ಹೇಳುತ್ತಿಲ್ಲ. ಆ ವಸಂತದಲ್ಲಿ ದಕ್ಷಿಣದಲ್ಲಿ, ಕೊಸೊವೊದಲ್ಲಿ, ಜನರನ್ನು ಮನೆಗಳಿಂದ ಹೊರದೂಡಿ ಸಾಲುಸಾಲಾಗಿ ಗಡಿಗೆ ಅಟ್ಟುತ್ತಿದ್ದರು. ನಮ್ಮ ಟಿವಿ ಅದನ್ನು ತೋರಿಸಲಿಲ್ಲ, ನಮ್ಮ ಊರಿಂದ ಹೋಗಿ ಬಂದ ಹುಡುಗರು ಕುಡಿದಾಗ ಹೇಳಿದರು. ಅದಕ್ಕೂ ವಿಚಾರಣೆ ಆಗಲಿ, ನಮ್ಮೂರಿನವನೇ ಆಗಿದ್ದರೂ ಹೆಸರು ಹಿಡಿದು ಕೇಳಲಿ. ಆದರೆ ಅದಕ್ಕೆ ಶಿಕ್ಷೆಯಾಗಿ ಇಬ್ಬರು ಮುದುಕರು ಕೊನೆಯ ಗುಟುಕು ಕುಡಿಯುತ್ತಿದ್ದ ಸೇತುವೆಯನ್ನು ಏಕೆ ಆರಿಸಿದರು ಎಂಬುದನ್ನೂ ಕೇಳಲಿ. ಒಂದನ್ನು ಕೇಳಿದರೆ ಇನ್ನೊಂದು ಮುಚ್ಚಿಹೋಗುತ್ತದೆ ಎಂದು ಬಾಂಬು ಹಾಕಿದವರೂ ಅಂದುಕೊಂಡರು, ನೀವೂ ಅಂದುಕೊಂಡಿರಿ. ಬೋಸ್ನಿಯಾದ ಆ ತಾಯಂದಿರನ್ನು ಹೊರಗೆ ನಿಲ್ಲಿಸಿ ನನ್ನ ಅಮ್ಮನನ್ನು ಒಳಗೆ ಕರೆಯುವ ನ್ಯಾಯಾಲಯ ನನಗೂ ಬೇಡ. ಅವರನ್ನು ಹೊರಗಿಡಲು ನನ್ನ ಅಪ್ಪನ ಸಾವನ್ನು ಬಳಸಲು ನಿಮಗೆ ಯಾರು ಅಪ್ಪಣೆ ಕೊಟ್ಟರು? ನಾವು ಕೊಟ್ಟಿಲ್ಲ.

ತೀರ್ಪಿನ ಮರುದಿನ ಬೆಳಿಗ್ಗೆ ನಮ್ಮ ಗೇಟಿನ ಬಳಿ ಯಾರೋ ನಿಂತಿದ್ದರು. ಹಿಮ ಬೀಳುತ್ತಿತ್ತು. ಅಮ್ಮ ಕಿಟಕಿಯಿಂದ ನೋಡಿ ಚಪ್ಪಲಿಯನ್ನೂ ಹಾಕದೆ ಅಂಗಳಕ್ಕಿಳಿದಳು. ದಾರಿಂಕಾ. ಐದು ವರ್ಷದಲ್ಲಿ ಬಹಳ ಸೊರಗಿದ್ದಳು. ಗೇಟಿನ ಒಳಗೆ ಬರಲಿಲ್ಲ.

"ನಮ್ಮ ಮನೆ ಟಿವಿ ಸರಿಯಾಗಿ ಕೇಳಲ್ಲ" ಎಂದಳು. "ಏನಂದ್ರು ಅವರು? ಬತ್ತಿ ವಿಷ್ಯ ಏನಾದ್ರೂ ಅಂದ್ರಾ?"

"ಏನೂ ಅನ್ಲಿಲ್ಲ ಕೂಮಮ್ಮ."

"ಏನೂನಾ?"

"ಏನೂ."

ದಾರಿಂಕಾ ಗೇಟಿನ ಕಂಬಿ ಹಿಡಿದಳು. "ಬತ್ತಿಯಿಂದಲ್ಲ ಅಂತ ಅಂದಿದ್ರೆ ನಾನು ಒಳಗೆ ಬರ್ತಿದ್ದೆ ಕಣೇ" ಎಂದಳು. ಆಮೇಲೆ ತಿರುಗಿ ಹೊಸ ಸೇತುವೆಯ ಕಡೆ ನಡೆದಳು. ನಾನು ಅಮ್ಮನ ಪಾದಗಳನ್ನು ಬಿಸಿನೀರಿನಲ್ಲಿಟ್ಟೆ.

ಆದ್ದರಿಂದ ನನ್ನ ಬೇಡಿಕೆಯನ್ನು ಕೇಳಿ. ಇದು ವಿನಂತಿಯಲ್ಲ. ಅದೇ ತೀರ್ಪಿನ ಕೊನೆಯಲ್ಲಿ ಆ ನ್ಯಾಯಮೂರ್ತಿಗಳೇ ಬರೆದಿದ್ದಾರೆ: ನಮಗೆ ಅಧಿಕಾರವಿರಲಿ ಇಲ್ಲದಿರಲಿ, ಇನ್ನೊಬ್ಬರ ಹಕ್ಕು ಮುರಿದಿದ್ದರೆ ಆ ದೇಶಗಳು ತಮ್ಮ ಕೃತ್ಯಕ್ಕೆ ಹೊಣೆಯೇ. ಹೊಣೆ ಉಳಿದಿದೆ ಎಂದ ಮೇಲೆ ಕೇಳಲು ನಿಮಗೇನು ಅಡ್ಡಿ? ಪ್ರಶ್ನೆ ಕೇಳಲು ವಿಶ್ವಸಂಸ್ಥೆಯ ಸದಸ್ಯತ್ವ ಬೇಕಿಲ್ಲ, ಅದೂ ಈಗ ನಿಮಗಿದೆ. ಆ ಹತ್ತೂ ದೇಶಗಳಿಗೆ ಸರ್ಕಾರದ ಮೊಹರು ಒತ್ತಿ ಬರೆಯಿರಿ: ಸಂತ ಜಾರ್ಜರ ಹಬ್ಬದ ಸಂಜೆ ಮೊರಾವಾ ನದಿಯ ನಮ್ಮ ಸೇತುವೆಗೆ ಬಾಂಬು ಹಾಕಿದವರು ಯಾರು, ಏನನ್ನು ನೋಡಿ ಹಾಕಿದಿರಿ? ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ರಾಯಭಾರಿಗಳು ನಿಮ್ಮ ಔತಣಗಳಿಗೆ ಬಂದು ನಗುತ್ತಾ ಕೈಕುಲುಕುವಾಗ ಆ ಕೈ ಬಿಡದೆ ಕೇಳಿ. ಬಂದ ಉತ್ತರವನ್ನು ಸಂಜೆಯ ವಾರ್ತೆಯಲ್ಲಿ ಓದಿಸಿ, ನದಿಯ ಎರಡೂ ದಡದಲ್ಲಿ ಒಂದೇ ಹೊತ್ತಿಗೆ ಕೇಳಿಸಲಿ. ಅಷ್ಟೂ ಆಗದಿದ್ದರೆ, ಕೇಳುವುದಿಲ್ಲ ಎಂದು ನಿಮ್ಮ ಕೈಬರಹದಲ್ಲಿ ಬರೆದು ಕೊಡಿ. ಅದನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತೇನೆ.

ಬೆಳಕು ಕಂಡಿತ್ತು ಎಂದೇ ಉತ್ತರ ಬಂದರೂ ಓದಿಸಿ, ಮುಚ್ಚಿಡಬೇಡಿ. ಇದನ್ನು ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹಾಗೆ ಬಂದರೆ ಏನು ಮಾಡ್ತೀಯಮ್ಮ ಎಂದೆ.

"ಬರ್ಲಿ ಬಿಡು" ಎಂದಳು. "ಸೇತುವೆ ದಾಟಿ ಹೋಗಿ ಅವಳ ಮುಂದೆ ಮಂಡಿ ಊರ್ತೀನಿ. ಈಗ ನೋಡು, ಮಂಡಿ ಊರೋಕೂ ಆಗ್ತಿಲ್ಲ, ತಲೆ ಎತ್ತೋಕೂ ಆಗ್ತಿಲ್ಲ."

ಇಂತಿ,
ಆ ಸಂಜೆ ತಾನು ಯಾವ ದೇಶದ ಪ್ರಜೆಯಾಗಿದ್ದೆನೆಂದು ಇನ್ನೂ ತಿಳಿಯದೆ ತೆರಿಗೆ ಮಾತ್ರ ತಪ್ಪದೆ ಕಟ್ಟಿದ,
ಸ್ರೆತೆನ್, ವಿತೊಮಿರ್‌ನ ಮಗ